ಗುರುಸಿದ್ದ ಕೂಡಿಸಿದ ಮದರ್‌ಬೋರ್ಡು

ಬೇರೆ ಯಾವ ಮಾತನ್ನಾದರೂ ಗುರುಸಿದ್ದ ಸಹಿಸಿಕೊಳ್ಳುತ್ತಿದ್ದ. ಸಂಕ್ರಾಂತಿಗೆ ಬಂದಿದ್ದ ಮಾವ ಭೀಮಪ್ಪನವರು, ಕುಕ್ಕರಿನ ಹಿಡಿ ಬಿಗಿ ಮಾಡುತ್ತಿದ್ದ ಅಳಿಯನ ಕೈಯಿಂದ ಸ್ಕ್ರೂಡ್ರೈವರನ್ನು ಮೆಲ್ಲಗೆ ತೆಗೆದುಕೊಂಡು, "ಬಿಡ್ರಿ ಅಳಿಯಾರ, ನಿಮ್ಮದು ಪೆನ್ನು ಹಿಡಿಯೋ ಕೈ" ಅಂದುಬಿಟ್ಟಿದ್ದರು. ಅಂದದ್ದು ಪ್ರೀತಿಯಿಂದಲೇ. ಉರಿ ಇದ್ದದ್ದೇ ಅಲ್ಲಿ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಪ್ರೀತಿಯಿಂದ ಅಂದವರಿಗೆ ಏನಂತ ಅನ್ನುವುದು?

ಭೀಮಪ್ಪನವರದು ಮುಧೋಳದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಮೋಟಾರು ಬಿಚ್ಚಿ ಮತ್ತೆ ಜೋಡಿಸಲು ಬಾರದ ಗಂಡಸಿಗೆ ಮಗಳನ್ನು ಕೊಟ್ಟುಬಿಟ್ಟೆನಲ್ಲ ಎಂಬ ಕೊರಗು ಅವರ ಮುಖದಲ್ಲಿ ಆಗಾಗ ಕಾಣುತ್ತಿತ್ತು, ಅಥವಾ ಗುರುಸಿದ್ದನಿಗೆ ಹಾಗೆ ಕಾಣುತ್ತಿತ್ತು. ಅವನು ಜಯನಗರದ ಒಂದು ಆಫೀಸಿನಲ್ಲಿ ಗುಮಾಸ್ತ. ಬಿಟಿಎಂ ಲೇಔಟಿನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ, ಹೆಂಡತಿ ಅನ್ನಪೂರ್ಣ, ಕಂತಿನಲ್ಲಿ ಕೊಂಡ ಒಂದು ಕಂಪ್ಯೂಟರು. ಆ ಕಂಪ್ಯೂಟರಿನ ಮದರ್‌ಬೋರ್ಡು ಒಂದು ದಿನ ಸುಟ್ಟ ವಾಸನೆ ಬಿಟ್ಟು ನಿಂತಾಗ ಗುರುಸಿದ್ದನಿಗೆ ದುಃಖಕ್ಕಿಂತ ಹುರುಪೇ ಹೆಚ್ಚಾಯಿತು. ಬರುವ ಭಾನುವಾರ ಸಂಜೆ ಮಾವ ಬರುವವರಿದ್ದರು. ಅವರು ಒಳಗೆ ಕಾಲಿಡುವಾಗ ಕಂಪ್ಯೂಟರು ಓಡುತ್ತಿರಬೇಕು, ಅದನ್ನು ಬಿಚ್ಚಿ ಹೊಸ ಬೋರ್ಡು ಕೂಡಿಸಿದವನು ಅಳಿಯನೇ ಎಂದು ಅವರಿಗೆ ತಿಳಿಯಬೇಕು. ಅವನಿಗೆ ಬೇಕಾದದ್ದು ಇಷ್ಟೇ.

ತಿಲಕ್ ನಗರದ ಅಂಗಡಿಯವನು ಹೊಸ ಬೋರ್ಡು ಕೊಟ್ಟು, ತಾನೇ ಬಂದು ಹಾಕಿಕೊಡುತ್ತೇನೆ, ನಿಮ್ಮ ಕೈಲಿ ಆಗೋದಲ್ಲ ಎಂದ. ಗುರುಸಿದ್ದನಿಗೆ ಮೈಯೆಲ್ಲ ಉರಿಯಿತು. ಮನೆಯೊಳಗೆ ಮಾವ ಆಡಿದ ಮಾತು ತಿಲಕ್ ನಗರದವರೆಗೆ ಹೇಗೆ ಬಂತು? ಅವನು ಬೋರ್ಡಿನ ಡಬ್ಬಿಯನ್ನು ಎದೆಗವಚಿಕೊಂಡು ಬಸ್ಸು ಹತ್ತಿದ.

ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದವನೇ ಹಾಲಿನಲ್ಲಿ ಬೆಡ್‌ಶೀಟು ಹಾಸಿ, ಕಂಪ್ಯೂಟರಿನ ತಗಡಿನ ಡಬ್ಬವನ್ನು ಮಲಗಿಸಿ, ಬನಿಯನ್ನಿನಲ್ಲಿ ಕೂತ. ಯಾರಾದರೂ ಗೊತ್ತಿದ್ದವರನ್ನು ಕರೆಯಬಾರದೇ ಎಂದು ಅನ್ನಪೂರ್ಣ ಕೇಳಿದಳು. "ಈ ಮನ್ಯಾಗ ನನ್ನ ಮ್ಯಾಲೆ ಯಾರಿಗೂ ನಂಬಿಕಿ ಇಲ್ಲ" ಎಂದು ಅವನು ಹಳೆಯ ಬೋರ್ಡಿನ ಸ್ಕ್ರೂಗಳನ್ನು ಸಿಟ್ಟಿನಿಂದಲೇ ಬಿಚ್ಚಿದ. ಸಿಟ್ಟಿನಲ್ಲಿ ಸ್ಕ್ರೂಗಳು ಬೇಗ ಬಿಚ್ಚಿಕೊಂಡವು ಎಂಬುದು ಬೇರೆ ಮಾತು.

ಅವನು ಮಾಡಿದ ತಪ್ಪೆಂದರೆ ಗಾಳಿಗೆಂದು ಬಾಗಿಲು ತೆರೆದಿಟ್ಟದ್ದು. ಕೆಳಗೆ ವಾಸವಿದ್ದ ಮನೆ ಮಾಲೀಕ ಬದರಿನಾಥರಿಗೆ ತೆರೆದ ಬಾಗಿಲೆಂದರೆ ಅಕ್ಷತೆ ಕೊಟ್ಟು ಕರೆದ ಹಾಗೆ. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರಿಗೆ ರಿಪೇರಿ ಮಾಡಲು ಸ್ವಂತದ್ದೇನೂ ಉಳಿದಿರಲಿಲ್ಲ. ನೀರಿನ ಮೋಟಾರಿನ ವಿಷಯ ಹೇಳಲು ಮೇಲೆ ಬಂದವರು, "ಏನ್ರೀ, ಹೊಟ್ಟೆ ಬಗೆದು ಕೂತಿದ್ದೀರಿ" ಎಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಕರೆಂಟಿನ ಕೆಲಸವನ್ನು ಬರಿನೆಲದ ಮೇಲೆ ಕೂತು ಮಾಡಬಾರದೆಂದು ಹೇಳಿ ಊಟದ ಮಣೆ ತರಿಸಿ ಅವನನ್ನು ಅದರ ಮೇಲೆ ಕೂರಿಸಿದರು. ಹಸೆಮಣೆಯ ಮೇಲಿನ ಮದುಮಗನಂತೆ ಕೂತು ಗುರುಸಿದ್ದ ಹಲ್ಲು ಕಚ್ಚಿಕೊಂಡು ಹೊಸ ಬೋರ್ಡನ್ನು ಬಿಗಿದ.

ಅಷ್ಟರಲ್ಲಿ ಎದುರು ರೂಮಿನ ಯುವರಾಜ್ ಕಣ್ಣುಜ್ಜಿಕೊಂಡು ಬಂದ. ಅವನು ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡುವವನು. ರಾತ್ರಿಯಿಡೀ ಕಂಪ್ಯೂಟರಿನ ಎದುರು ಕೂರುವುದರಿಂದ ಅದರ ಒಳಗೂ ತನಗೆ ಗೊತ್ತೆಂದು ನಂಬಿದ್ದ. "ಗುರು, ರ‍್ಯಾಮ್ ಇನ್ನೂ ಒತ್ತಬೇಕು, ಟಕ್ ಅನ್ಬೇಕು" ಎಂದ. ಅಷ್ಟು ಒತ್ತಿದರೆ ಮುರಿಯುತ್ತದೆ ಎಂದರು ಬದರಿನಾಥರು. ಇಬ್ಬರ ನಡುವೆ ವಾದ ಹತ್ತಿತು. ಗುರುಸಿದ್ದ ಕಣ್ಣು ಮುಚ್ಚಿ ಒತ್ತಿದ, ಟಕ್ ಅಂತು, ನಾನು ಹೇಳಲಿಲ್ಲವಾ ಎಂದು ಇಬ್ಬರೂ ಒಟ್ಟಿಗೇ ಅಂದರು.

ಸ್ವಿಚ್ಚಿನಿಂದ, ದೀಪದಿಂದ ಬರುವ ಕೂದಲೆಳೆಯಂಥ ವೈರುಗಳನ್ನು ಅವುಗಳ ಕಡ್ಡಿಗಳಿಗೆ ಸಿಕ್ಕಿಸುವಾಗಲಂತೂ ಪ್ರಾಣ ಹೋಯಿತು. ಪಕ್ಕದಲ್ಲಿ ಇರುವೆಯಷ್ಟು ಅಕ್ಷರ. ಯುವರಾಜ್ ಟಾರ್ಚು ಹಿಡಿದ, ಆದರೆ ಮಾತಿಗೆ ನಿಂತರೆ ಬೆಳಕು ಫ್ಯಾನಿನ ಕಡೆಗೆ ಹೋಗುತ್ತಿತ್ತು. ಬದರಿನಾಥರು ವೈರೊಂದಕ್ಕೆ ಬೆರಳು ಚಾಚಿದರು. ಗುರುಸಿದ್ದ ಆ ಬೆರಳನ್ನು ಮರ್ಯಾದೆಯಿಂದಲೇ ಹಿಡಿದು ಅವರ ಮಡಿಲಿಗೆ ವಾಪಸಿಟ್ಟ. ಮಾಲೀಕರ ಮುಖ ಕಪ್ಪಿಟ್ಟಿತು. ಬರುವ ತಿಂಗಳು ನೀರು ಬಿಡುವ ಹೊತ್ತು ಕಡಿಮೆಯಾಗುತ್ತದೆಂದು ಅನ್ನಪೂರ್ಣಳಿಗೆ ಆಗಲೇ ಗೊತ್ತಾಯಿತು.

ಊಟದ ಹೊತ್ತಿಗೆ ಎಲ್ಲ ಮುಗಿಯಿತು. ಡಬ್ಬವನ್ನು ಎತ್ತಿ ನಿಲ್ಲಿಸಿ ಗುರುಸಿದ್ದ ಬಟನ್ ಒತ್ತಿದ. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರೆ ಮತ್ತೆ ಅರ್ಧ ಸುತ್ತು. ಕರೆದಾಗ ಒಮ್ಮೆ ಕಣ್ಣು ಬಿಟ್ಟು ಮಗ್ಗುಲಾಗುವ ಮಗುವಿನಂತೆ ಅದು ಆಮೇಲೆ ಗಪ್‌ಚಿಪ್.

ಇದು ವೋಲ್ಟೇಜಿನ ಕೆಲಸ ಎಂದು ತೀರ್ಪು ಕೊಟ್ಟ ಬದರಿನಾಥರು ಕೆಳಗೆ ಹೋಗಿ ತಮ್ಮ ಫ್ರಿಜ್ಜಿನ ಸ್ಟೆಬಿಲೈಸರನ್ನೇ ಕಿತ್ತು ತಂದರು. ಅದೂ ಆಗಲಿಲ್ಲ. ಯುವರಾಜ್ ರ‍್ಯಾಮನ್ನು ತೆಗೆಸಿ ರಬ್ಬರಿನಿಂದ ಉಜ್ಜಿಸಿದ. ಅದೂ ಆಗಲಿಲ್ಲ. ಬೇಡದವರ ಸಲಹೆ ಕೇಳುತ್ತ, ಬೆವರು ಸುರಿಸುತ್ತ ಗುರುಸಿದ್ದ ಮತ್ತೆ ಮತ್ತೆ ಬಟನ್ ಒತ್ತಿದ. ಇವರೆಲ್ಲ ಇಲ್ಲದಿದ್ದರೆ ಅದು ಎಂದೋ ಶುರುವಾಗುತ್ತಿತ್ತು ಎಂದು ಅವನಿಗೆ ಖಾತ್ರಿಯಾಗಿತ್ತು.

ಆಗಲೇ ಬಾಗಿಲಲ್ಲಿ ಭೀಮಪ್ಪನವರು ಕಾಣಿಸಿಕೊಂಡರು, ಕೈಯಲ್ಲಿ ಜೋಳದ ರೊಟ್ಟಿಯ ಗಂಟು. ಬಸ್ಸು ಬೇಗ ಬಂತಂತೆ. ಅಳಿಯನ ಬನಿಯನ್ನು, ಮಣೆ, ಸುತ್ತಲಿನ ಜನ, ಸತ್ತು ಬಿದ್ದ ಡಬ್ಬ ಎಲ್ಲವನ್ನೂ ನೋಡಿದರು. ಪಂಚೆ ಎತ್ತಿ ಪಕ್ಕದಲ್ಲಿ ಕೂತು, ಸುಮ್ಮನೆ, ಸ್ಕ್ರೂಡ್ರೈವರಿನ ಕಡೆಗೆ ಕೈ ಚಾಚಿದರು.

ಗುರುಸಿದ್ದ ಅದನ್ನು ಹಿಂದಕ್ಕೆ ಎಳೆದುಕೊಂಡ. "ಬ್ಯಾಡ್ರಿ ಮಾವಾರ. ಮುಂಜಾನಿಂದ ಇದನ್ನ ನಾ ಒಬ್ಬನ ಮಾಡೇನಿ. ಒಂದು ಸ್ಕ್ರೂ ಸೈತ ಬ್ಯಾರೆಯವ್ರಿಗೆ ಮುಟ್ಟಾಕ ಬಿಟ್ಟಿಲ್ಲ. ಬೇಕಾದ್ರ ಇವ್ರನ್ನ ಕೇಳ್ರಿ." ಬದರಿನಾಥರೂ ಯುವರಾಜನೂ ತಲೆಯಾಡಿಸಿದರು. ಅದರಲ್ಲಿ ಬದರಿನಾಥರು ತುಸು ಹೆಚ್ಚಾಗಿಯೇ ಆಡಿಸಿದರು.

ಇಷ್ಟರಲ್ಲಿ ಸ್ಟೆಬಿಲೈಸರ್ ಹುಡುಕಿಕೊಂಡು ಮಾಲೀಕರ ಹೆಂಡತಿ ನಾಗಲಕ್ಷ್ಮಮ್ಮ ಮೇಲೆ ಬಂದರು. ಫ್ರಿಜ್ಜಿನಲ್ಲಿ ಹಾಲು ಒಡೆದಿತ್ತು. ಗಂಡನಿಗೆ ಬೈಯಲು ತೆಗೆದ ಬಾಯನ್ನು ಅವರು ಕಂಪ್ಯೂಟರು ಕಂಡು ಮುಚ್ಚಿದರು. ಇಡೀ ಬೀದಿಗೆ ಕಾಣುವ ಹಾಗೆ ಬಾಗಿಲು ತೆರೆದಿಟ್ಟು ಹೊಸ ಸಾಮಾನು ಹರವಿಕೊಂಡರೆ ದೃಷ್ಟಿಯಾಗದೆ ಇನ್ನೇನು ಎಂದು ಅನ್ನಪೂರ್ಣಳಿಂದ ಒಂದು ನಿಂಬೆಹಣ್ಣು ಇಸಿದುಕೊಂಡು, ಡಬ್ಬಕ್ಕೆ ನಿವಾಳಿಸಿ, ಹೊಸ ಗಾಡಿಯ ಚಕ್ರದಡಿ ಇಡುವಂತೆ ಅದರ ಒಂದು ಮೂಲೆಯ ಅಡಿಗೆ ತುರುಕಿದರು. "ಈಗ ಒತ್ತಪ್ಪ."

ಇದೇನು ಸ್ಕೂಟರೇನಮ್ಮ ಎಂದು ಗುರುಸಿದ್ದ ಕೂಗಾಡಿದ. ಓದಿದವರ ಮನೆಯಲ್ಲಿ ಇಂಥದ್ದು ನಡೆಯಬಾರದು ಎಂದ. ಕೊನೆಗೆ, ಆಗುವುದಿಲ್ಲ ಎಂದು ತೋರಿಸುವುದಕ್ಕೆಂದೇ ಬಟನ್ ಒತ್ತಿದ.

ಫ್ಯಾನು ಗಿರ್ರೆಂದು ತಿರುಗಿತು. ಡಬ್ಬ ಒಮ್ಮೆ ಕುಂಯ್ ಅಂತು. ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲಾಗಿ ಬಂದವು.

ಯುವರಾಜ್ ಶಿಳ್ಳೆ ಹೊಡೆದ. ಭೀಮಪ್ಪನವರು ಎದ್ದು ನಿಂತು ಎರಡೂ ಕೈ ಜೋಡಿಸಿದರು, ನಾಗಲಕ್ಷ್ಮಮ್ಮನವರಿಗೆ. "ಅಕ್ಕಾರ, ನಿಮ್ಮ ಕೈಗುಣ ದೊಡ್ಡದು ನೋಡ್ರಿ." ಹೊಸ ಬೋರ್ಡು ಇವತ್ತಿನ ತಾರೀಖು ಯಾವುದೆಂದು ಕೇಳುತ್ತಿತ್ತು. ಗುರುಸಿದ್ದ ತಾರೀಖು ಹಾಕಿದ, ಗಂಟೆ ಸರಿಮಾಡಿದ, ಒಂದೊಂದೇ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟ. ಒಂದು ನರಪಿಳ್ಳೆಯೂ ಇತ್ತ ನೋಡಲಿಲ್ಲ. ಎಲ್ಲರೂ ನಿಂಬೆಹಣ್ಣನ್ನೇ ನೋಡುತ್ತಿದ್ದರು. ಬೆಳಗಿನಿಂದ ಬೆನ್ನು ಮುರಿದುಕೊಂಡವನು ಇವನು, ಕೈಗುಣ ಮಾತ್ರ ಅವರದು. ಇದು ಯಾವ ನ್ಯಾಯ?

ಪಿತ್ತ ನೆತ್ತಿಗೇರಿ ಅವನು ನಿಂಬೆಹಣ್ಣನ್ನು ಎಳೆದು ಬಿಸಾಡಿದ. ಕಂಪ್ಯೂಟರು ಟಪ್ಪನೆ ಸತ್ತಿತು. ನಾಗಲಕ್ಷ್ಮಮ್ಮ ಹಣ್ಣನ್ನು ಎತ್ತಿ ತಂದು ಮತ್ತೆ ಇಟ್ಟರು. ಒತ್ತಿದರೆ ಓಡಿತು.

ಈಗ ಮಾತ್ರ ಗುರುಸಿದ್ದನ ತಲೆ ಓಡಿತು. ನಿಂಬೆಹಣ್ಣು ಮೂಲೆಯನ್ನು ಎತ್ತುತ್ತದೆ. ಎತ್ತಿದರೆ ತೆಳ್ಳಗಿನ ತಗಡು ಸೊಟ್ಟಗಾಗುತ್ತದೆ. ಸೊಟ್ಟಗಾದರೆ ಒಳಗೆ ತಾಗಿಕೊಂಡಿರುವ ಯಾವುದೋ ಒಂದು ಬಿಟ್ಟುಕೊಳ್ಳುತ್ತದೆ. ಅವನು ಪ್ಲಗ್ಗು ಕಿತ್ತು, ಎಲ್ಲರ ಗೊಣಗಾಟದ ನಡುವೆ ಮತ್ತೆ ಡಬ್ಬ ಬಿಚ್ಚಿ, ಬೋರ್ಡು ಎತ್ತಿದ. ಸಿಕ್ಕಿತು. ಬೋರ್ಡನ್ನು ತಗಡಿನಿಂದ ಮೇಲೆತ್ತಿ ನಿಲ್ಲಿಸಲು ಅದರ ತೂತುಗಳ ನೇರಕ್ಕೆ ಹಿತ್ತಾಳೆಯ ಸಣ್ಣ ಗೂಟಗಳಿರುತ್ತವೆ. ತೂತೇ ಇಲ್ಲದ ಕಡೆ ಒಂದು ಗೂಟ ನಿಂತು ಬೋರ್ಡಿನ ಬೆನ್ನಿಗೆ ಚುಚ್ಚುತ್ತಿತ್ತು. ಅದನ್ನು ಕಿತ್ತ. ಎಲ್ಲ ಮತ್ತೆ ಜೋಡಿಸಿ, ನಿಂಬೆಹಣ್ಣಿಲ್ಲದೆ ಬಟನ್ ಒತ್ತಿದ. ಕಂಪ್ಯೂಟರು ಗಿರ್ರೆಂದಿತು.

ಗುರುಸಿದ್ದ ಆ ಗೂಟವನ್ನು ಅಂಗೈಯಲ್ಲಿಟ್ಟು ಮಾವನ ಮುಂದೆ ಹಿಡಿದ. ಇಡೀ ದಿನದ ಸಿಟ್ಟು ಈಗ ಮಾತಾಗಿ ಹೊರಬಂತು. "ದೃಷ್ಟಿ ಅಲ್ರಿ ಮಾವಾರ, ಇದು. ಬೋರ್ಡಿಗೆ ತಾಗಿ ಕರೆಂಟು ಶಾರ್ಟ್ ಆಗತಿತ್ತು. ಇದು ಆ ಜಾಗದಾಗ ಇರಬಾರದು ಅನ್ನೋದು ಸಣ್ಣ ಹುಡುಗರಿಗೂ ತಿಳೀತೈತಿ. ಯಾವನೋ ತಲಿ ಇಲ್ಲದವ ಅಲ್ಲಿ ಕೂಡಿಸ್ಯಾನ."

ಭೀಮಪ್ಪನವರು ಗೂಟವನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಅಳಿಯನ ಬಗ್ಗೆ ಒಂದು ಹೊಸ ಗೌರವ ಮೂಡಿತು. ಮದುವೆಯಾದಾಗಿನಿಂದ ಗುರುಸಿದ್ದ ಕಾಯುತ್ತಿದ್ದದ್ದು ಇದಕ್ಕೇ. ಅವನ ಕಣ್ಣು ಮಂಜಾಯಿತು.

"ಖರೆ ಅಳಿಯಾರ, ದೊಡ್ಡ ತಪ್ಪ ಇದು" ಎಂದರು ಭೀಮಪ್ಪ. "ಯಾರು ಕೂಡಿಸಿದ್ರು ಇದನ್ನ ಅಲ್ಲಿ?"

ಗುರುಸಿದ್ದ ಬನಿಯನ್ನಿನ ಅಂಚಿನಿಂದ ಮುಖ ಒರೆಸಿಕೊಂಡ.

"ನಾನಂತೂ ಮುಟ್ಟಿಲ್ಲಪ್ಪ" ಎಂದರು ಬದರಿನಾಥರು, ತುಂಬ ಸಮಾಧಾನದಿಂದ. "ಮುಟ್ಟೋಕೆ ಬಿಡಲೇ ಇಲ್ಲವಲ್ಲ ಇವರು."

"ನಂದು ಟಾರ್ಚು ಅಷ್ಟೇ ಅಂಕಲ್" ಎಂದ ಯುವರಾಜ್.

ಅನ್ನಪೂರ್ಣ ರೊಟ್ಟಿಯ ಗಂಟು ಬಿಚ್ಚುವುದರಲ್ಲಿ ಮುಳುಗಿಹೋದಳು. ಬೋರ್ಡಿನ ಜೊತೆ ಕೊಟ್ಟ ಕವರಿನಲ್ಲಿದ್ದ ಗೂಟಗಳನ್ನು, ಕೊಟ್ಟಿದ್ದಾರೆಂದ ಮೇಲೆ ಎಲ್ಲಕ್ಕೂ ಜಾಗ ಇರಲೇಬೇಕೆಂದು, ಒಂದೂ ಬಿಡದೆ ಬೆಳಿಗ್ಗೆ ತಗಡಿಗೆ ತಿರುಪಿದವನು ಯಾರೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಭೀಮಪ್ಪನವರೊಬ್ಬರನ್ನು ಬಿಟ್ಟು. ಅವರು ಇನ್ನೂ ಉತ್ತರಕ್ಕೆ ಕಾಯುತ್ತ ಅಳಿಯನ ಮುಖವನ್ನೇ ನೋಡುತ್ತಿದ್ದರು.

ಗುರುಸಿದ್ದ ಗೂಟವನ್ನು ಅವರ ಕೈಯಿಂದ ಮೆಲ್ಲಗೆ ತೆಗೆದು ಜೇಬಿಗೆ ಹಾಕಿಕೊಳ್ಳಲು ಹೋದ. ಬನಿಯನ್ನಿಗೆ ಜೇಬಿರಲಿಲ್ಲ. ಮುಷ್ಟಿಯಲ್ಲೇ ಮುಚ್ಚಿಟ್ಟುಕೊಂಡು ನಾಗಲಕ್ಷ್ಮಮ್ಮನವರ ಕಡೆ ತಿರುಗಿದ.

"ಅಮ್ಮ, ಆ ನಿಂಬೆಹಣ್ಣು ಕೊಡಿ" ಎಂದ. "ದೃಷ್ಟಿನೇ ಆಗಿತ್ತು ಅನ್ಸುತ್ತೆ."