ಶಂಕ್ರಪ್ಪನ ಮಹಡಿಯ ಫೋನು

ಇಸಾಕಸಾಬನಿಗೆ ದಮ್ಮಿಗಿಂತ ಹೆಚ್ಚು ಕಾಟ ಕೊಟ್ಟದ್ದು ಶಂಕ್ರಪ್ಪನ ಮನೆಯ ಮೆಟ್ಟಿಲು.

ಹಾವೇರಿಯ ಒಂದು ದವಾಖಾನೆಯವರು ದಮ್ಮಿನ ರೋಗಿಗಳಿಗೆ ವಾರಕ್ಕೊಮ್ಮೆ ಫೋನು ಮಾಡಿ, ಔಷಧದ ಪಂಪು ಸರಿಯಾಗಿ ಎಳೆದುಕೊಳ್ಳುತ್ತಾರೋ ಇಲ್ಲವೋ ಎಂದು ವಿಚಾರಿಸುವ ಪದ್ಧತಿ ಶುರುಮಾಡಿದ್ದರು. ರಾಣೆಬೆನ್ನೂರಿನ ಇಸಾಕಸಾಬನ ಮನೆಯಲ್ಲಿ ಫೋನು ಎಲ್ಲಿಂದ ಬರಬೇಕು? ಓಣಿಯ ಎಲ್ಲರಂತೆ ಅವನೂ ಎದುರುಮನೆಯ ಬೀಜದಂಗಡಿ ಶಂಕ್ರಪ್ಪನ ನಂಬರು ಕೊಟ್ಟು, ಫೋನು ಬೇರೆಯವರದೆಂದು ತಿಳಿಯಲು ಪಕ್ಕದಲ್ಲಿ ‘ಪಿ.ಪಿ.’ ಎಂದು ಬರೆಸಿ ಬಂದಿದ್ದ. ಆ ಫೋನು ಇದ್ದದ್ದು ಮಹಡಿಯ ಮೇಲೆ. ಶಂಕ್ರಪ್ಪ ಕಿಟಕಿಯಿಂದ ಕೂಗಿದೊಡನೆ ಇಸಾಕಸಾಬ ಬಿದ್ದಂಬೀಳ ಓಡಿ, ಮೆಟ್ಟಿಲು ಹತ್ತಿ, ರಿಸೀವರಿಗೆ ಬಾಯಿಟ್ಟು ಕಮ್ಮಾರನ ತಿದಿಯಂತೆ ಬುಸುಗುಡುತ್ತಿದ್ದ. ಆ ತುದಿಯಲ್ಲಿ ನರ್ಸ್ ಸ್ನೇಹಾ ಅದನ್ನು ಕೇಳಿ, ದಮ್ಮು ಇಳಿದೇ ಇಲ್ಲ, ಇನ್ನೊಂದು ವಾರ ಕ್ಲಾರಿನೆಟ್ ಮುಟ್ಟಬೇಡಿ ಎನ್ನುತ್ತಿದ್ದಳು.

ಕ್ಲಾರಿನೆಟ್ ಅವನ ಅನ್ನ. ಬ್ಯಾಂಡ್ ಕಂಪನಿಯ ಮಾಲೀಕ ರಹಿಮಾನಸಾಬ ಖಡಾಖಂಡಿತ ಹೇಳಿಬಿಟ್ಟಿದ್ದ: ಮೋಟೆಬೆನ್ನೂರಿನ ನಾಳಿನ ಮದುವೆಗೆ ನರ್ಸ್ ಇವತ್ತು ಫೋನಿನಲ್ಲಿ ಹೂಂ ಅಂದರೆ ಇಸಾಕ, ಇಲ್ಲವಾದರೆ ಕೀಬೋರ್ಡು. ಒಮ್ಮೆ ಬಂದ ಕೀಬೋರ್ಡು ತಿರುಗಿ ಹೋಗುವುದಿಲ್ಲ ಎಂಬ ಹೆದರಿಕೆ ಇಸಾಕಸಾಬನಿಗೆ. ಅದಕ್ಕೆ ದಮ್ಮು ಬರುವುದಿಲ್ಲವಲ್ಲ.

ಹೆಂಡತಿ ಜೈತೂನಬಿ ಉಪಾಯ ಹೇಳಿಕೊಟ್ಟಳು. ಓಡುವುದೇ ಬೇಡ, ಬೆಳಿಗ್ಗೆಯೇ ಹೋಗಿ ಫೋನಿನ ಪಕ್ಕ ಕೂತುಬಿಡುವುದು. ಇಸಾಕಸಾಬ ಹಾಗೆಯೇ ಮಾಡಿದ.

ಸ್ವಲ್ಪ ಹೊತ್ತಿಗೆ ಶಂಕ್ರಪ್ಪ ಮೇಲೆ ಬಂದ. ನಡುಮೆಟ್ಟಿಲಲ್ಲಿ ನಿಂತು ಪೇಟೆಯ ವಿಚಾರ ಮಾಡುವುದು ಅವನ ರೂಢಿ. ಇವತ್ತೂ ಅಲ್ಲಿ ನಿಂತು, ವಿಚಾರ ಮಾಡಿ, ಮುಖ ಒರೆಸಿಕೊಂಡೇ ಹತ್ತಿದ. ಹುಟ್ಟಿದಂದಿನಿಂದ ಒಂದು ಗುಳಿಗೆ ನುಂಗದವನೆಂದು ಅವನಿಗೆ ಭಾರಿ ಜಂಬ.

“ದಮ್ಮು ಗಿಮ್ಮು ಎಲ್ಲಾ ಮನಸಿನ ಅಂಜಿಕಿ ನೋಡ, ಇಸಾಕ,” ಎಂದು ಕೆಮ್ಮಿದ. ಕೆಮ್ಮು ನಿಂತ ಮೇಲೆ, “ಇದು ಬೀಜದ ಧೂಳು,” ಎಂದ.

ಅಷ್ಟರಲ್ಲಿ ಫೋನು ಗಣಗಣಿಸಿತು. ಓಣಿಯ ಕರಿಯವ್ವನಿಗೆ ಕದರಮಂಡಲಗಿಯಿಂದ ಮಗಳ ಫೋನು. ಹೇಗೂ ಖಾಲಿ ಕೂತಿದ್ದೀ, ಕರೆದುಕೊಂಡು ಬಾ ಎಂದ ಶಂಕ್ರಪ್ಪ. ಇನ್ನೊಬ್ಬರ ಮನೆಯಲ್ಲಿ ಕೂತವನು ಒಲ್ಲೆ ಎನ್ನಲಾದೀತೆ? ಇಸಾಕಸಾಬ ಹೋಗಿ ಕರೆತಂದ. ಕೂತು ಉಸಿರು ಸುಧಾರಿಸಿಕೊಳ್ಳುವಷ್ಟರಲ್ಲಿ ಗಿರಣಿಯ ರುದ್ರಮುನಿಗೆ ಫೋನು ಬಂತು. ಮತ್ತೆ ಇಳಿದ, ಮತ್ತೆ ಹತ್ತಿದ. ಒಳಗೆ ಶಂಕ್ರಪ್ಪನ ಹೆಂಡತಿ ನೀಲಗಂಗವ್ವ ಬ್ಯಾಡಗಿ ಮೆಣಸಿನಕಾಯಿ ಹುರಿಯತೊಡಗಿದಳು. ಇಸಾಕಸಾಬ ಪಂಪು ಎಳೆದುಕೊಂಡು, ಕಿಟಕಿಯ ಹೊರಗೆ ತಲೆ ಹಾಕಿ ಹೇಗೋ ಜೀವ ಹಿಡಿದ. ಮೂರನೆಯ ಫೋನು ಓಣಿಯ ಆಚೆ ತುದಿಯ ಮಾಲತೇಶಪ್ಪನಿಗೆ. ಈ ಸಲ ಇಸಾಕಸಾಬ ಜಾಣನಾದ. ಓಡಲಿಲ್ಲ, ಮದುಮಗನಂತೆ ಮೆಲ್ಲಗೆ ನಡೆದು ಹೋಗಿ ಮೆಲ್ಲಗೆ ಬಂದ.

ಬಂದರೆ ಶಂಕ್ರಪ್ಪ ಬಾಗಿಲಲ್ಲೇ ನಿಂತಿದ್ದ.

“ನಿಂದ ಫೋನ್ ಬಂದಿತ್ತು. ನೀ ಇಲ್ಲ ಅಂದಿದ್ರ ನರ್ಸ್ ಇಟ್ಟಬಿಡ್ತಿದ್ಲು. ಅದಕ್ಕ ನಾನ ಇಸಾಕ ಅಂತ ಹೇಳಿ ಮಾತಾಡೇನಿ.”

ಇಸಾಕಸಾಬ ಅಲ್ಲೇ ಗಕ್ಕನೆ ನಿಂತ. “ಏನ್ ಕೇಳಿದ್ಲರಿ?”

“ಒಂದ ಉಸುರಿನ್ಯಾಗ ಮೂವತ್ತರ ತನಾ ಎಣಸು ಅಂದ್ಲು.”

“ಎಣಸಿದ್ರಿಲ್ಲೋ?”

ಶಂಕ್ರಪ್ಪ ಗೋಡೆ ನೋಡಿದ. ಉತ್ತರ ಬಂದದ್ದು ಅಡುಗೆಮನೆಯಿಂದ. “ಎಂಟಕ್ಕ ನಿಂತ್ರು,” ಎಂದಳು ನೀಲಗಂಗವ್ವ.

ನರ್ಸ್ ಗಾಬರಿಯಾಗಿ, ಇವತ್ತೇ ಹಾವೇರಿಗೆ ಬಂದು ಅಡ್ಮಿಟ್ ಆಗಬೇಕು ಎಂದಿದ್ದಳಂತೆ. ಇಸಾಕಸಾಬನಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ಆದರೂ ತಡೆದುಕೊಂಡು, ಕೂತು, ಉಸಿರು ತಿಳಿಯಾದ ಮೇಲೆ ತಾನೇ ಹಾವೇರಿಗೆ ಫೋನು ಹಚ್ಚಿದ. ನಡೆದದ್ದನ್ನೆಲ್ಲ ಹೇಳಿ, ಒಂದೇ ಉಸಿರಿಗೆ ಮೂವತ್ತು ದಾಟಿಸಿ ನಲವತ್ತಕ್ಕೆ ತಂದು ನಿಲ್ಲಿಸಿದ. ದನಿ ಕ್ಲಾರಿನೆಟ್ಟಿನಷ್ಟೇ ಚೊಕ್ಕವಾಗಿತ್ತು.

ಸ್ನೇಹಾ ನಕ್ಕಳು. “ಅಣ್ಣಾರ, ನನಗ ಇಸಾಕಸಾಬರ ದನಿ ಗೊತ್ತಿಲ್ಲೇನ್ರಿ? ವಾರಾ ವಾರಾ ಕೇಳೇನಿ. ಈಗ ಎಂಟಕ್ಕ ಏದುಸುರು ಬಿಟ್ರಲ್ಲ, ಅದ ಅವರ ದನಿ. ನೀವು ಅವರ ಸಲುವಾಗಿ ಸುಳ್ಳ ಹೇಳಿ ಜೀವಕ್ಕ ಕೇಡ ಮಾಡಬ್ಯಾಡ್ರಿ. ರಹಿಮಾನಸಾಬರಿಗೂ ಫೋನ್ ಮಾಡಿ ಹೇಳೇನಿ. ಲಗೂ ಅವರನ್ನ ಬಸ್ಸಿಗೆ ಕೂಡ್ರಿಸಿ ಕರಕೊಂಡು ಬರ್ರಿ.”

ಫೋನು ಇಡುವ ಮೊದಲು ಅವಳು ಇನ್ನೊಂದು ಮಾತು ಸೇರಿಸಿದಳು.

“ಖರೇ ಹೇಳ್ತೀನಿ, ನಿಮ್ಮ ಉಸುರು ಭಾಳ ಚಲೋ ಐತ್ರಿ. ನೀವ್ಯಾಕ ಬ್ಯಾಂಡಿನ್ಯಾಗ ಊದಬಾರದು?”

ತಿರುಗಿ ನೋಡಿದರೆ ನೀಲಗಂಗವ್ವ ಒಲೆ ಆರಿಸಿ ಗಂಡನ ಬಟ್ಟೆ ಚೀಲಕ್ಕೆ ತುಂಬುತ್ತಿದ್ದಳು. ಶಂಕ್ರಪ್ಪ ಬೀಜದ ಧೂಳು ಎಂದು ಎಷ್ಟು ಹೇಳಿದರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆಯ ಬಸ್ಸಿನಲ್ಲಿ ಶಂಕ್ರಪ್ಪನನ್ನು ಕಿಟಕಿಯ ಪಕ್ಕ ಕೂರಿಸಿ, ಅವನ ಚೀಲ ತೊಡೆಯ ಮೇಲಿಟ್ಟುಕೊಂಡು ಇಸಾಕಸಾಬ ಹಾವೇರಿಗೆ ಹೊರಟ. ಮೋಟೆಬೆನ್ನೂರು ಬಂತು. ರಸ್ತೆಯ ಬದಿಗೆ ಮದುವೆಯ ಹಂದರ ಎದ್ದಿತ್ತು, ಅದರೊಳಗಿಂದ ಯಾರೋ ಕೀಬೋರ್ಡು ನುಡಿಸಿ ನೋಡುತ್ತಿದ್ದರು.

“ಚಲೋ ಬಾರಸ್ತಾನಲ್ಲೋ,” ಎಂದ ಶಂಕ್ರಪ್ಪ, ಮೂರು ಸಲ ಉಸಿರು ಎಳೆದುಕೊಂಡು.