ಬಚ್ಚಲುಮನೆಯ ಹೊಸ ಚಿಲಕ

ಕೆಲಸವನ್ನು ನಾಳೆಗೆ ತಳ್ಳುವ ಚಟವನ್ನು ನಾನು ಗೆದ್ದದ್ದು ಒಂದು ಶನಿವಾರ ಸಂಜೆ. ಮರುದಿನ ಬೆಳಿಗ್ಗೆ ಅದರ ಫಲ ಅನುಭವಿಸಿದವರು ನನ್ನ ಮಾವ.

ಆಗ ನಾನು ದೋಣಿಗಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದು, ತಡವಾಗಿ ಬಂದವರಿಗೆ ಸಮಯದ ಬೆಲೆ ತಿಳಿಸಿ ಹೇಳುವುದು ನನ್ನ ಕೆಲಸ. ಆ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಮನೆಗೆ ಬಂದ ಮೇಲೆ ಮಾತ್ರ ನನ್ನ ನಿಲುವು ಸ್ವಲ್ಪ ಉದಾರವಾಗುತ್ತಿತ್ತು.

ನಮ್ಮ ಕ್ವಾರ್ಟರ್ಸಿನ ಬಚ್ಚಲುಮನೆಯ ಚಿಲಕ ದೀಪಾವಳಿಯ ಎಣ್ಣೆಸ್ನಾನದ ದಿನ ಕಿತ್ತು ಬಿದ್ದಿತ್ತು. ನಾಳೆ ಹಾಕುತ್ತೇನೆ ಎಂದಿದ್ದೆ. ಯುಗಾದಿ ಬಂದು ಹೋಯಿತು. ಅಲ್ಲಿಯವರೆಗೆ ಒಂದು ತಾತ್ಕಾಲಿಕ ವ್ಯವಸ್ಥೆ ಜಾರಿಯಲ್ಲಿತ್ತು. ಒಳಗೆ ಹೋದವರು ತುಂಬಿದ ಬಕೆಟ್ಟನ್ನು ಬಾಗಿಲಿಗೆ ಒತ್ತಿಟ್ಟು ಆಗಾಗ ಕೆಮ್ಮುತ್ತಿರಬೇಕು. ಕೆಮ್ಮು ಕೇಳಿದರೆ ಹೊರಗಿನವರು ಹಿಂತಿರುಗಬೇಕು. ನನ್ನ ಹೆಂಡತಿ ಗಿರಿಜಳಿಗೆ ನೆಗಡಿಯಾದಾಗ ಅಡುಗೆಮನೆಯ ಕೆಮ್ಮಿಗೂ ನಾನು ಹಿಂದೆ ಸರಿದು, ಸ್ನಾನವನ್ನೂ ನಾಳೆಗೆ ಹಾಕಿದ್ದುಂಟು.

ಚಿಲಕ ಒಂಟಿಯಾಗಿರಲಿಲ್ಲ. ಹಿತ್ತಲಿನ ಸೌದೆಗೆ ಟಾರ್ಪಾಲು ಹೊದಿಸಬೇಕಿತ್ತು. ಮಾರನಹಳ್ಳಿಯ ಗೆಳೆಯನೊಬ್ಬ ಒಯ್ದಿದ್ದ ಇಕ್ಕಳ, ಸ್ಕ್ರೂ ಡ್ರೈವರ್ ವಾಪಸ್ಸು ತರಬೇಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ನನ್ನ ಹೊಟ್ಟೆ ಇಳಿಸಬೇಕಿತ್ತು. "ದಿನಾ ಬೆಳಿಗ್ಗೆ ನಡೀರಿ, ಬಗ್ಗಿ ಏಳಿ, ಇಲ್ಲಾಂದ್ರೆ ಸಕ್ಕರೆ ಕಾಯಿಲೆ ಬರುತ್ತೆ" ಎಂದು ಸಕಲೇಶಪುರದ ಡಾಕ್ಟರು ಹೇಳಿದ್ದರು. ಕ್ಯಾನ್‌ವಾಸ್ ಶೂ ತಂದೆ. ಸೋಮವಾರದಿಂದ ಶುರು ಎಂದು ಘೋಷಿಸಿದೆ. ಶೂ ಡಬ್ಬದಲ್ಲಿ ಇಲಿ ಮರಿ ಹಾಕಿತು. ಬಾಣಂತಿಯನ್ನು ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.

ಹೀಗಿರುವಾಗ ಗಿರಿಜಳ ತಂಗಿ ಸುಮಾಳಿಗೆ ಗಂಡು ಗೊತ್ತಾಯಿತು. ಭಾನುವಾರ ಸಕಲೇಶಪುರದ ಛತ್ರವೊಂದರಲ್ಲಿ ನಿಶ್ಚಿತಾರ್ಥ. ಅತ್ತೆ ಮತ್ತು ಸುಮಾ ಪೇಟೆಯ ನೆಂಟರ ಮನೆಯಲ್ಲಿ ಇಳಿದುಕೊಂಡರು. ಅಲ್ಲಿ ಜಾಗ ಸಾಲದೆ ಮಾವ ಶನಿವಾರ ರಾತ್ರಿ ನಮ್ಮ ಮನೆಗೆ ಬಂದು ತಂಗುವುದೆಂದಾಯಿತು.

ಮಾವ ಕೆ. ಹೊಸಕೋಟೆ ಕಡೆಯವರು, ನಿವೃತ್ತ ಹೆಡ್‌ಮಾಸ್ಟರ್. ಆಲೂರಿನ ಬಸ್ಸು ತಡವಾದ ದಿನ ಕಂಡಕ್ಟರ್ ಅವರ ಮುಖ ನೋಡದೆ ಟಿಕೆಟ್ ಕೊಡುತ್ತಿದ್ದನಂತೆ. ಅವರು ನಕ್ಕಿದ್ದನ್ನು ನಾನಂತೂ ಮದುವೆಯಾದಾಗಿನಿಂದ ನೋಡಿರಲಿಲ್ಲ.

"ರೀ, ಕೆಮ್ಮೋದನ್ನ ನಮ್ಮಪ್ಪಂಗೆ ನೀವೇ ಹೇಳಿಕೊಡ್ತೀರಾ?" ಎಂದು ಗಿರಿಜ ಶನಿವಾರ ಕೇಳಿದಳು.

ಆ ಪ್ರಶ್ನೆ ನನ್ನನ್ನು ಬಡಿದೆಬ್ಬಿಸಿತು. ಪೇಟೆಗೆ ಹೋಗಿ ಥಳಥಳಿಸುವ ಚಿಲಕ ತಂದೆ. ಸ್ಕ್ರೂ ಡ್ರೈವರ್ ಮಾರನಹಳ್ಳಿಯಲ್ಲಿತ್ತು. ಮೊಳೆ ಹೊಡೆದೆ. ಚಿಲಕದ ಕಂಬಿ ಕೂರುವ ತೂತನ್ನು ಚೌಕಟ್ಟಿನಲ್ಲಿ ಕುಡುಗೋಲಿನ ತುದಿಯಿಂದ ಕೊರೆದೆ. ಬಾಗಿಲು ತೆರೆದಿಟ್ಟುಕೊಂಡು ಚಿಲಕವನ್ನು ಹಾಕಿ ತೆಗೆದು ನೋಡಿದೆ. ಬೆಣ್ಣೆಯ ಹಾಗೆ ಸರಿಯಿತು!

"ಬಾಗಿಲು ಮುಚ್ಚಿ ನೋಡಿದ್ರಾ?" ಎಂದಳು ಗಿರಿಜ.

"ಅದನ್ನ ಬೆಳಿಗ್ಗೆ ನೋಡಿದ್ರಾಯ್ತು."

ಬೆಳಿಗ್ಗೆ ನೋಡಿದವರು ಮಾವ. ನಾನು ಏಳುವ ಹೊತ್ತಿಗೆ ಅವರು ಎದ್ದು, ಅಂಗಳದಲ್ಲಿ ಸೂರ್ಯನಮಸ್ಕಾರ ಮುಗಿಸಿ ಸ್ನಾನಕ್ಕೆ ಹೋಗಿಯಾಗಿತ್ತು. ಕಾಫಿ ಲೋಟ ಕೈಗೆತ್ತಿಕೊಂಡಿದ್ದೆ, ಅಷ್ಟರಲ್ಲಿ ಒಳಗಿನಿಂದ ಗಂಭೀರವಾದ ಧ್ವನಿ ಕೇಳಿಸಿತು.

"ಅಳಿಯಂದ್ರೇ, ಚಿಲಕದ ಹಿಡಿ ನನ್ನ ಕೈಗೆ ಬಂದಿದೆ. ಬಾಗಿಲು ಬಂದಿಲ್ಲ."

ಓಡಿದೆ. ತಳ್ಳಿದೆ, ಗುದ್ದಿದೆ, ಒದ್ದೆ. ಕೊರೆದ ತೂತಿನಲ್ಲಿ ಕಂಬಿ ಕಚ್ಚಿಕೊಂಡು ಕೂತಿತ್ತು. ನಾನು ಜೀವನದಲ್ಲಿ ಮಾಡಿದ ಅತ್ಯಂತ ಭದ್ರವಾದ ಕೆಲಸ ಅದು!

ಅಷ್ಟರಲ್ಲಿ ಬಾಗಿಲ ಸಂದಿಯಿಂದ ಹೊಗೆ ಬರತೊಡಗಿತು. ನಮ್ಮದು ಒಳಗಿನಿಂದಲೇ ಒಲೆ ಉರಿಸುವ ಹಂಡೆ. ಹಿಂದಿನ ದಿನದ ಮಳೆಗೆ ಟಾರ್ಪಾಲಿಲ್ಲದ ಸೌದೆಯೆಲ್ಲ ನೆಂದಿತ್ತು. ಒಳಗೆ ಮಾವ ಕೆಮ್ಮಲು ಶುರು ಮಾಡಿದರು. ಇದು ನಮ್ಮ ಮನೆಯ ಪದ್ಧತಿಯ ಕೆಮ್ಮಾಗಿರಲಿಲ್ಲ. ನಿಜವಾದ ಕೆಮ್ಮು.

ಗಿರಿಜ ಅಡುಗೆಮನೆಯಿಂದ ಓಡಿ ಬಂದಳು. "ರೀ, ಅಪ್ಪಂಗೆ ಉಸಿರು ಕಟ್ತದೆ! ಬೆಳಕಿಂಡಿಯಿಂದ ಇಕ್ಕಳನಾದ್ರೂ ಕೊಡಿ, ಕಂಬಿ ಎಳ್ಕೊಳ್ತಾರೆ. ಎಲ್ಲೈತೆ?"

"ಮಾರನಹಳ್ಳಿಯಲ್ಲಿ."

ಅವಳು ಪಕ್ಕದ ಮನೆಯ ಜೀಪ್ ಡ್ರೈವರ್ ಮಂಜಣ್ಣನನ್ನು ಕೂಗುತ್ತಾ ಎಸ್ಟೇಟಿನ ಸಾಮಾನಿಡುವ ಸ್ಟೋರಿನ ಕಡೆ ಓಡಿದಳು.

ನಾನು ಸುಮ್ಮನೆ ನಿಂತಿರುವುದು ಹೇಗೆ? ಹಿತ್ತಲಿಗೆ ಹೋಗಿ ಬೆಳಕಿಂಡಿಯ ಕೆಳಗೆ ಸೌದೆ ಜೋಡಿಸಿ ಹತ್ತಿದೆ. ಒಳಗಿಳಿದು ನಾನೇ ಆ ಕಂಬಿಯನ್ನು ಎಳೆದು ತೆಗೆಯುವುದೆಂದು ತೀರ್ಮಾನಿಸಿದೆ. ತಲೆ ಹೋಯಿತು. ತೋಳು ಹೋಯಿತು. ಎದೆ ಹೋಯಿತು. ಅಲ್ಲಿಂದ ಮುಂದೆ ನನ್ನ ಶರೀರದ ಬಹುಪಾಲು ಇನ್ನೂ ಬಾಕಿ ಇತ್ತು. ಉಸಿರು ಬಿಗಿಹಿಡಿದು ನುಗ್ಗಿದೆ. ಕಾಲ ಕೆಳಗಿನ ಸೌದೆ ಉರುಳಿತು. ಒಳಗೂ ಇಲ್ಲ, ಹೊರಗೂ ಇಲ್ಲ!

ಮಾವ ಟವೆಲ್ಲು ಉಟ್ಟು, ಮೈಗೆಲ್ಲ ಸೋಪಿನ ನೊರೆ ಅಂಟಿಸಿಕೊಂಡು ಹಂಡೆಯ ಪಕ್ಕ ನಿಂತಿದ್ದರು. ಕಣ್ಣು ಕೆಂಪಗಾಗಿತ್ತು.

"ಅಳಿಯಂದ್ರೇ, ಹೊಗೆ ಹೋಗೋಕೆ ಇದ್ದದ್ದು ಅದೊಂದೇ ಕಿಂಡಿ."

ಅದನ್ನು ನಾನು ನನ್ನ ಹೊಟ್ಟೆಯಿಂದ ಮುಚ್ಚಿದ್ದೆ.

ಅವರು ಚೆಂಬಿನಲ್ಲಿ ನೀರು ಮೊಗೆದು ಒಲೆಗೆ ಹುಯ್ದರು. ಬುಸ್ಸೆಂದು ಬೂದಿ ಎದ್ದು ನಮ್ಮಿಬ್ಬರ ಮುಖಕ್ಕೂ ಸಮನಾಗಿ ಹಂಚಿಕೆಯಾಯಿತು. ಬೆಂಕಿ ಆರಿತು. ಹೊಗೆ ಮಾತ್ರ ಅಲ್ಲೇ ಸುತ್ತುತ್ತಿತ್ತು. ಮಾವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಟವೆಲ್ಲಿನ ಚುಂಗಿನಿಂದ ಮೂಗು ಮುಚ್ಚಿಕೊಂಡರು.

"ವಾಕಿಂಗ್ ಶುರು ಮಾಡ್ತೀನಿ ಅಂದಿದ್ರಂತೆ?"

"ಸೋಮವಾರದಿಂದ, ಮಾವ."

"ಯಾವ ಸೋಮವಾರ?"

ಆಮೇಲೆ ಮಾವ ಬಾಗಿಲ ಕಡೆ ತಿರುಗಿ, ತಮಗೆ ತಾವೇ ಹೇಳಿಕೊಳ್ಳುವಂತೆ, "ಸುಮಾ ಕಾಯ್ತಾ ಇರ್ತಾಳೆ" ಎಂದರು. ಎದ್ದು, ಛತ್ರಕ್ಕೆ ಹೊರಟವರಂತೆ ಒದ್ದೆ ಕೈಯಿಂದ ತಲೆಗೂದಲು ಒಪ್ಪ ಮಾಡಿಕೊಂಡರು. ಹುಡುಗಿಯ ತಂದೆಯೇ ಇಲ್ಲದೆ ಛತ್ರದಲ್ಲಿ ಗಂಡಿನ ಕಡೆಯವರು ಏನೆಂದುಕೊಂಡಾರು? ಅವರು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆ ಸಿದ್ಧತೆ ನೋಡಲಾಗದೆ ಕಣ್ಣು ಮುಚ್ಚಿದೆ. ನೀರು ಬಂತು. ಹೊಗೆಗೆ ಎಂದುಕೊಂಡಿರಬೇಕು ಅವರು.

ಹೊರಗಡೆ, ನನ್ನ ಕಾಲುಗಳ ಬಳಿ, ಮಾತು ಕೇಳಿಸಿತು.

"ಅಯ್ಯೋ ಮಾರಾಯ! ರೈಟ್ರು ಅರ್ಧ ಒಳಗೋಗ್ಬುಟ್ಟವ್ರೆ ಕಣಕ್ಕ!" ಮಂಜಣ್ಣ ಎಸ್ಟೇಟಿನ ಲೈನುಮನೆಗಳಿಂದ ಇಬ್ಬರು ಆಳುಗಳನ್ನೂ ಕರೆತಂದಿದ್ದ. "ಯಾರನ್ನ ಮೊದ್ಲು ತೆಗಿಯಾದು?"

"ಮೊದಲು ಅಪ್ಪನ್ನ ತೆಗೀರಿ ಮಂಜಣ್ಣ. ಇವರು ಎಲ್ಲಿಗೂ ಹೋಗಲ್ಲ" ಎಂದಳು ಗಿರಿಜ.

ಹಾರೆಯ ಮೂರು ಪೆಟ್ಟಿಗೆ ಬಾಗಿಲು ಸೀಳಿತು. ಚಿಲಕ ಮಾತ್ರ ಅಲುಗಲಿಲ್ಲ! ಚೌಕಟ್ಟಿನ ಸಮೇತ ಅಲ್ಲೇ ನಿಂತಿತ್ತು. ಮಾವ ಹೊರಗೆ ಹೋಗಿ ಎರಡು ಸಲ ದೀರ್ಘವಾಗಿ ಉಸಿರೆಳೆದುಕೊಂಡರು. ನೇರ ಬಟ್ಟೆ ಹಾಕಿಕೊಂಡು ಮಂಜಣ್ಣನ ಜೀಪು ಹತ್ತುತ್ತಾರೆ ಎಂದುಕೊಂಡೆ. ಆದರೆ ಅವರು ಮತ್ತೆ ಒಳಗೆ ಬಂದು, ನನ್ನ ಭುಜಕ್ಕೆ ಎರಡೂ ಕೈ ಕೊಟ್ಟು ನಿಂತರು.

"ಹೂಂ, ಎಳೀರಿ!"

ಹೊರಗಿನಿಂದ ಮೂವರು ಕಾಲು ಹಿಡಿದು ಎಳೆದರು. ಒಳಗಿನಿಂದ ಮಾವ ತಳ್ಳಿದರು. ನಾನು ಬಂದೆ. ಅಂಗಿ ಬರಲಿಲ್ಲ. ಪಕ್ಕೆಯ ಚರ್ಮವೂ ಸ್ವಲ್ಪ ಅಲ್ಲೇ ಉಳಿಯಿತು.

ಮುಖ ತೊಳೆದು, ಬಟ್ಟೆ ಬದಲಿಸಿ ಜೀಪು ಹತ್ತಿದೆವು. ದಾರಿಯಲ್ಲಿ ಮಂಜಣ್ಣ ಎರಡು ಸಲ "ಹೊಟ್ಟೆ ಅಂದ್ರೆ ಹೊಟ್ಟೆ" ಎಂದು ತಲೆಯಾಡಿಸಿದ.

ಛತ್ರ ತಲುಪಿದಾಗ ಮುಹೂರ್ತ ಮೀರುವುದರಲ್ಲಿತ್ತು. ಗಂಡಿನ ಕಡೆಯ ಹಿರಿಯರು ಬಾಗಿಲಲ್ಲೇ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು. ಒಳಗೆ ಸುಮಾ ಅತ್ತು ಕಾಡಿಗೆ ಕೆನ್ನೆಗೆ ಇಳಿಸಿಕೊಂಡಿದ್ದಳು. ಅಪ್ಪನನ್ನು ಕಂಡದ್ದೇ ಅತ್ತೆಯ ತೋಳು ಬಿಟ್ಟು ಎದ್ದು ಬಂದಳು. ಅಯ್ಯನವರು ಅವಸರದಲ್ಲೇ ಮಂತ್ರ ಹೇಳಿ ತಾಂಬೂಲ ಬದಲಾವಣೆ ಮಾಡಿಸಿದರು. ಶಾಸ್ತ್ರ ಮುಗಿಯಿತು. ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಮೈಯಿಂದ ಇನ್ನೂ ಹೊಗೆಯ ವಾಸನೆ ಹೋಗಿರಲಿಲ್ಲ.

ಆಗ ಬೀಗರು, "ಇವರು ಯಾರು ಗೊತ್ತಾಗಲಿಲ್ಲವಲ್ಲ?" ಎಂದು ನನ್ನ ಕಡೆ ನೋಡಿದರು.

ಮಾವ ಶಲ್ಯ ಸರಿಪಡಿಸಿಕೊಂಡು, ಶಾಲಾ ವಾರ್ಷಿಕೋತ್ಸವದಲ್ಲಿ ಅತಿಥಿಗಳನ್ನು ಪರಿಚಯಿಸುವ ಧ್ವನಿಯಲ್ಲಿ ಹೇಳಿದರು: "ನಮ್ಮ ದೊಡ್ಡ ಅಳಿಯಂದಿರು. ಕೈ ಹಾಕಿದ ಕೆಲಸ ಅರ್ಧಕ್ಕೆ ಬಿಟ್ಟು ಬರೋರಲ್ಲ. ಬಿಡಿಸಿಕೊಂಡು ಬರೋಕೆ ನಾಲ್ಕು ಜನ ಬೇಕು."

ಗಿರಿಜ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೀಗರು ಮಾತ್ರ "ಇಂಥವರು ಸಿಗೋದು ಅಪರೂಪ" ಎಂದು ಮೆಚ್ಚಿ ತಲೆದೂಗಿದರು. ಮಾವನ ಮೀಸೆಯ ಕೆಳಗೆ ಏನೋ ಅಲುಗಿತು. ನಗುವೇ ಇರಬೇಕು. ನಾನು ಧಡಕ್ಕನೆ ಬಗ್ಗಿ ಅವರ ಕಾಲಿಗೆ ನಮಸ್ಕಾರ ಮಾಡಿದೆ.

ಬಗ್ಗಿದವನಿಗೆ ಏಳಲು ಆಗಲಿಲ್ಲ! ಸೊಂಟ ಹಿಡಿದುಕೊಂಡಿತ್ತು. ಛತ್ರದ ಜನರೆಲ್ಲ ಗುರುಹಿರಿಯರ ಮೇಲಿನ ನನ್ನ ಭಕ್ತಿಯನ್ನು ಬೆರಗಾಗಿ ನೋಡುತ್ತಿದ್ದರು.

ಮಾವ ಮೆಲ್ಲನೆ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದರು: "ಅವಸರ ಮಾಡಬೇಡಿ ಅಳಿಯಂದ್ರೇ. ನಾಳೆ ಎದ್ರಾಯ್ತು."