ಅಮ್ಮನಿಗೆ ಜರ್ಮನ್ ಸಿನಿಮಾ ತೋರಿಸಿದ್ದು

ಎದುರಿಗೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳುವ ಧೈರ್ಯ ನನಗೆ ಹುಟ್ಟಿನಿಂದಲೇ ಬಂದಿಲ್ಲ. ಕ್ಷೌರದವನು ತಲೆ ಬೋಳು ಮಾಡಿ ಕನ್ನಡಿ ಹಿಡಿದರೂ 'ಚೆನ್ನಾಗಿದೆ' ಎನ್ನುತ್ತೇನೆ. ದರ್ಜಿ ಹೊಲಿದ ಪ್ಯಾಂಟು ಮೊಣಕಾಲಿನ ಆಸುಪಾಸಿನಲ್ಲೇ ನಿಂತರೆ, ಇದೇ ಹೊಸ ಫ್ಯಾಷನ್ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಇಂಥವನಿಗೆ ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಅಮ್ಮನಿಗೆ ಹೇಳಲೇಬೇಕಾದ ಮಾತೊಂದು ಗಂಟಲಲ್ಲಿ ಬಂದು ಕೂತಿತು. ನಾನು ಮನಸ್ಸು ಕೊಟ್ಟಿದ್ದು ಹುಡುಗಿಗಲ್ಲ, ಹುಡುಗನಿಗೆ, ಹೆಸರು ಪ್ರಸನ್ನ. ಅಮ್ಮ ಆಗಲೇ ನನ್ನ ಜಾತಕದ ಜೆರಾಕ್ಸ್ ಪ್ರತಿಗಳನ್ನು ಚಾಮರಾಜಪೇಟೆ ದಾಟಿ ಬಸವನಗುಡಿಯ ತನಕ ಹಂಚಿದ್ದಳು. ತಡಮಾಡಿದರೆ ಏನೂ ಅರಿಯದ ಯಾವುದೋ ಹುಡುಗಿಯ ಬದುಕೂ ಹಾಳಾಗುತ್ತಿತ್ತು.

ಪ್ರಸನ್ನ ಸಂಜೆ ಹೊತ್ತು ಜರ್ಮನ್ ಕಲಿಯಲು ಹೋಗುತ್ತಿದ್ದ. ಅಲ್ಲಿಂದ ಒಂದು ಸಿನಿಮಾದ ಸಿ.ಡಿ. ತಂದುಕೊಟ್ಟ. "ನೀನು ಬಾಯೇ ಬಿಡಬೇಡ ಗುರು. ಅಮ್ಮನ ಪಕ್ಕ ಕೂತ್ಕೊಂಡು ಇದನ್ನ ತೋರಿಸು. ಅವರಿಗೇ ಅರ್ಥ ಆಗತ್ತೆ" ಎಂದ. ಗಲಾಟೆ ಸಂಸಾರದ ಕಥೆ ಅದು. ಮಾತೆತ್ತಿದರೆ ರೇಗುವ ಅಪ್ಪ, ಮೂರನೇ ಮದುವೆಗೆ ಸಿದ್ಧಳಾದ ಅಜ್ಜಿ, ಇವರ ಮಧ್ಯೆ ಪಕ್ಕದ ಬೇಕರಿ ಹುಡುಗನಿಗೆ ಮನಸೋತ ಮಗ. ಕೊನೆಗೆ ಎಲ್ಲವೂ ಸುಖಾಂತ. ಬಾಯಿ ಬಿಡಬೇಕಾಗಿಲ್ಲ ಎಂದ ಕೂಡಲೇ ನಾನು ಒಪ್ಪಿಬಿಟ್ಟೆ.

ಆದರೆ ನಮ್ಮದು ವಠಾರದ ಮನೆ. ಅಲ್ಲಿ ಒಬ್ಬರ ಮನೆಯಲ್ಲಿ ಸಿನಿಮಾ ಹಾಕಿದರೆ ಅದು ಎಲ್ಲರ ಸಿನಿಮಾ. ಅದೂ ಅವರೆಕಾಯಿ ಕಾಲ. ನೆನೆಸಿದ ಕಾಳನ್ನು ಹಿಸುಕಿ ಬೇಳೆ ತೆಗೆಯುವ ಕೆಲಸಕ್ಕೆ ಕೈ ಸಾಕು, ಕಣ್ಣು ಬೇಕಿಲ್ಲ. ಹಾಗಾಗಿ ಆ ಭಾನುವಾರ ಮಧ್ಯಾಹ್ನ ಎದುರು ಮನೆಯ ಪದ್ಮಕ್ಕ, ವಠಾರದ ಓನರ್ ಹೆಂಡತಿ ಇಬ್ಬರೂ ಪಾತ್ರೆ ಸಮೇತ ಬಂದು ಕೂತರು. ತೆರೆಯ ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಅಷ್ಟು ವೇಗದಲ್ಲಿ ಓದಲು ಅವರಾರಿಗೂ ಆಗದು. ಕನ್ನಡದಲ್ಲಿ ಹೇಳುವ ಕೆಲಸ ನನ್ನ ತಲೆಗೇ ಬಂತು.

ಅರ್ಧ ಸಿನಿಮಾ ಸಲೀಸಾಗಿ ನಡೆಯಿತು. ಅಜ್ಜಿಯ ಮದುವೆಗೆ ಮೂವರೂ ಒಪ್ಪಿಗೆ ಕೊಟ್ಟರು. ಆಮೇಲೆ ಊಟದ ಮೇಜಿನ ಮುಂದೆ ಆ ಹುಡುಗ ಎದ್ದು ನಿಂತು, ಬೇಕರಿಯವನ ಕೈ ಹಿಡಿದು, 'ನಾನು ಪ್ರೀತಿಸ್ತಿರೋದು ಇವನನ್ನ' ಎಂದ.

"ಏನಂತೋ?" ಪದ್ಮಕ್ಕ ಕೇಳಿದರು.

"ಬೇಕರೀಲಿ ಕೆಲಸಕ್ಕೆ ಸೇರ್ತೀನಿ ಅಂತಿದಾನೆ" ಎಂದುಬಿಟ್ಟೆ.

ತೆರೆಯ ಮೇಲೆ ಹುಡುಗನ ತಾಯಿ ಇಬ್ಬರನ್ನೂ ತಬ್ಬಿಕೊಂಡು ಗಳಗಳನೆ ಅತ್ತಳು. "ಪಾಪ, ಎಷ್ಟು ದಿನದಿಂದ ಖಾಲಿ ಕೂತಿದ್ನೋ" ಎಂದು ಪದ್ಮಕ್ಕ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಹುಡುಗರಿಬ್ಬರೂ ತುಟಿಗೆ ತುಟಿ ಕೊಟ್ಟರು. ಆರು ಕೈಗಳೂ ನಿಂತವು. ಓನರ್ ಹೆಂಡತಿ ನಿಧಾನವಾಗಿ, "ಅವರ ಕಡೆ ಕೆಲಸಕ್ಕೆ ಸೇರಿಸ್ಕೊಳೋದು ಹೀಗಾ?" ಎಂದರು. ಅಮ್ಮ ಮಾತ್ರ ಸಿನಿಮಾ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಎಲ್ಲರೂ ಹೋದ ಮೇಲೆ ಬೇಳೆ ತೊಳೆಯುತ್ತಾ, ನನ್ನತ್ತ ತಿರುಗದೆ ಕೇಳಿದಳು: "ಸಿ.ಡಿ. ಯಾರು ಕೊಟ್ಟಿದ್ದು?"

"ಪ್ರಸನ್ನ."

"ಅವನ ಫೋನ್ ಬಂದ್ರೆ ವೈರ್ ಎಳ್ಕೊಂಡು ಬಚ್ಚಲುಮನೆ ತನಕ ಹೋಗ್ತೀಯಲ್ಲ, ಅವನಾ?"

"ಹೂಂ."

ಅಮ್ಮ ಬೇಳೆಯ ನೀರು ಬಸಿದಳು. "ಸಿನಿಮಾದಲ್ಲಿ ಆ ಹುಡುಗ ಹೇಳಿದ್ದು ಕೆಲಸದ ಮಾತಲ್ಲ ಅಂತ ನಂಗೊತ್ತು. ಆ ತಾಯಿಗೆ ಎರಡು ಗಂಟೇಲಿ ಒಪ್ಕೊಳಕ್ಕಾಯ್ತು. ನಂಗೆ ಇನ್ನೂ ಸ್ವಲ್ಪ ಜಾಸ್ತಿ ಟೈಮ್ ಬೇಕು ಕಣೋ" ಎಂದಳು. "ಜಾತಕ ಕೊಟ್ಟಿರೋರಿಗೆಲ್ಲ ಸದ್ಯಕ್ಕೆ ಬೇಡ ಅಂತ ಹೇಳ್ತೀನಿ. ಮುಂದಿನ ಭಾನುವಾರ ಅವನನ್ನ ಊಟಕ್ಕೆ ಕರಿ, ನೋಡೋಣ." ನನಗೆ ಅಳು ಬಂತು. ಅಮ್ಮನಿಗೂ ಬಂದಿತ್ತು, ಇಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ಅತ್ತೆವು.

ಪ್ರಸನ್ನ ಬಂದ. ಮನೆ ಎಲ್ಲಿ, ಅಕ್ಕತಂಗಿಯರು ಎಷ್ಟು ಜನ, ಎಂದೆಲ್ಲ ವಿಚಾರಣೆ ಮುಗಿಸಿ ಅಮ್ಮ ಎಲೆ ಹಾಕಿದಳು. ಎರಡು ತುತ್ತು ತಿಂದವನೇ, "ಅಮ್ಮ, ಸಾರಿಗೆ ಉಪ್ಪು ಒಂಚೂರು ಕಮ್ಮಿ ಆಗಿದೆ" ಎಂದ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡಿದ್ದೇ ಇಲ್ಲ. ಅಮ್ಮ ಅಂಗೈಗೆ ಸಾರು ಹಾಕಿಕೊಂಡು ನೆಕ್ಕಿದಳು. "ಹೌದಲ್ಲಪ್ಪ!" ಎಂದು ಅವನ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಸುರಿದು, ನನ್ನ ಕಡೆ ತಿರುಗಿ, "ಇಷ್ಟು ವರ್ಷ ನೀನೇನು ರುಚಿಯೇ ನೋಡದೆ ನುಂಗ್ತಿದ್ಯಾ?" ಎಂದು ಗದರಿದಳು.

ಅಂದಿನಿಂದ ಪ್ರಸನ್ನ ಬಂದಾಗಲೆಲ್ಲ ಅಮ್ಮ ಒಲೆಯ ಮೇಲಿನದ್ದನ್ನು ಸೌಟಿನಲ್ಲಿ ತಂದು ರುಚಿ ತೋರಿಸುವುದು ಅವನಿಗೆ. ನಾನು ಬಡಿಸಿದ್ದನ್ನು ಉಣ್ಣುತ್ತೇನೆ.